ಸಾಹೇಬರು ತಿನ್ನದ ಪುಂಡಿಪಲ್ಯ

ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಕೇಳುವುದು ಒಂದೇ: ಮೇಡಂ, ಹಳ್ಳಿಯ ಹೆಂಗಸರಿಗೆ ಪೌಷ್ಟಿಕ ಆಹಾರದ ಬಗ್ಗೆ ಹೇಗೆ ತಿಳಿಸಿ ಹೇಳಬೇಕು? ನಾನು ಹೇಳುವುದೂ ಒಂದೇ: ಮೊದಲು ಏನನ್ನೂ ಹೇಳಬೇಡಿ, ಅವರ ಒಲೆಯ ಹತ್ತಿರ ಒಂದಿಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂಡ್ರಿ. ಈ ಉತ್ತರ ಯಾರಿಗೂ ಹಿಡಿಸುವುದಿಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ಚಂದದ ಚಿತ್ರಗಳಿರುತ್ತವೆ, ಅವನ್ನು ತೋರಿಸುವ ಆತುರವಿರುತ್ತದೆ. ನನಗೂ ಇತ್ತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾವ ಸಭೆಯಲ್ಲಿ ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಹೇಳಿಕೊಳ್ಳುವಷ್ಟು ಬಡ್ತಿ ಸಿಗಲೂ ಇಲ್ಲ.

ನನ್ನ ಮನೆ ವಾಡಿಯಲ್ಲಿ, ಯಜಮಾನರು ರೈಲ್ವೆಯಲ್ಲಿದ್ದರು. ಕೆಲಸ ಸೇಡಂನ ಒಂದು ಕೃಷಿ ತರಬೇತಿ ಕೇಂದ್ರದಲ್ಲಿ. ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ ಚಿತ್ತಾಪುರ ದಾಟಿದರೆ ಸೇಡಂ, ಅಲ್ಲಿಂದ ಬಸ್ಸು, ಟಂಟಂ, ಕೊನೆಗೆ ಕಾಲು. ಹೊಲದ ಸಾಲುಗಳಲ್ಲಿ, ಮನೆಯ ಹಿತ್ತಲಲ್ಲಿ ಸೊಪ್ಪು, ಕಾಳು, ಕಾಯಿಪಲ್ಯೆ ಬೆಳೆದುಕೊಂಡು ಮನೆಮಂದಿಗೆ, ಅದರಲ್ಲೂ ಮಕ್ಕಳಿಗೆ ಉಣಿಸುವುದನ್ನು ಹೆಂಗಸರಿಗೆ ಕಲಿಸಬೇಕಿತ್ತು. ನಮ್ಮ ಕಡೆ ಸೊಪ್ಪಿಗೆ ತಪ್ಪಲ ಎನ್ನುತ್ತಾರೆ. ಹೀಗಾಗಿ ನನ್ನ ಹೆಸರು ಸುಶೀಲಾ ಎಂಬುದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು. ಉಳಿದೆಲ್ಲ ಕಡೆ ನಾನು ತಪ್ಪಲ ಮೇಡಂ.

ಮೊದಲ ವರ್ಷಗಳಲ್ಲಿ ಹೆಗಲ ಮೇಲೆ ಒಂದು ದೊಡ್ಡ ಬಣ್ಣದ ಚಾರ್ಟು ಇರುತ್ತಿತ್ತು. ಸೇಬು, ದ್ರಾಕ್ಷಿ, ಹೂಕೋಸು, ಒಂದು ಲೋಟ ಹಾಲು, ಎಲ್ಲವೂ ಹೊಳೆಯುತ್ತಿದ್ದವು. ತೆಂಗಳಿಯಲ್ಲಿ ಅದನ್ನು ಗೋಡೆಗೆ ತೂಗುಹಾಕಿ ಗಂಟಲು ಹರಿಯುವಂತೆ ಪಾಠ ಮಾಡಿದೆ. ಮುಂದಿನ ಸಲ ಹೋದಾಗ ಒಬ್ಬಾಕೆ ಖುಷಿಯಿಂದ ತನ್ನ ಮನೆಗೆ ಕರೆದೊಯ್ದಳು. ಪೇಟೆಯಿಂದ ಒಂದೇ ಒಂದು ಸೇಬು ತರಿಸಿ, ಮನೆಮಂದಿಗೆಲ್ಲ ಸಣ್ಣ ಸಣ್ಣ ಹೋಳು ಮಾಡಿ ಪ್ರಸಾದದಂತೆ ಹಂಚಿದ್ದಳಂತೆ. ಅವಳ ಹೊಲದ ಬದುವಿನಲ್ಲಿ ರಾಜಗಿರಿ ಸೊಪ್ಪು ಮೊಣಕಾಲೆತ್ತರ ಬೆಳೆದು ಹೂ ಬಿಟ್ಟಿತ್ತು, ಅದನ್ನು ಯಾರೂ ಕಿತ್ತಿರಲಿಲ್ಲ. ಚಾರ್ಟಿನಲ್ಲಿ ಅದು ಇರಲಿಲ್ಲವಲ್ಲ! ಅಂದು ಆ ಚಾರ್ಟನ್ನು ಮನೆಗೆ ತಂದವಳು ಮತ್ತೆ ಹೊರಗೆ ಒಯ್ಯಲಿಲ್ಲ. ನನ್ನ ಮೊದಲ ಮೇಲಧಿಕಾರಿ ಅದರ ಬಗ್ಗೆ ವಿಚಾರಿಸಿದಾಗಲೆಲ್ಲ ಮಳೆಯಲ್ಲಿ ತೊಯ್ದಿದೆ, ಒಣಗಿಸಿದ್ದೇನೆ ಎನ್ನುತ್ತಿದ್ದೆ. ಅವರು ವರ್ಗವಾಗಿ ಹೋಗುವವರೆಗೂ ಅದು ಒಣಗುತ್ತಲೇ ಇತ್ತು.

ಶಹಾಬಾದಿನ ಪಾಠ ಬೇರೆ. ಕಲ್ಲು ಗಣಿ ಕೆಲಸದವರ ಓಣಿಯಲ್ಲಿ ಮನೆಯ ಒಳಗೆ ಪರಸಿ ಕಲ್ಲಿನ ಹಾಸು, ಅಂಗಳದಲ್ಲಿ ಪರಸಿ, ಹಿತ್ತಲಲ್ಲೂ ಪರಸಿ. ಹಿಡಿ ಮಣ್ಣಿಲ್ಲ. ಅಂಥಲ್ಲಿ ಹೋಗಿ ಕೈತೋಟದ ಮಾತು ಆಡಿದೆ. ಒಬ್ಬ ಹೆಣ್ಣುಮಗಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಜಾಗಾ ಎಲ್ಲದ ತೋರಿಸ್ರಿ, ಇಲ್ಲಂದ್ರ ನಿಮ್ಮ ತಲಿ ಮ್ಯಾಲ ಹಚ್ಚತೀವಿ ಎಂದಳು. ಎಲ್ಲರೂ ನಕ್ಕರು, ನನಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅವಳ ಮಾತು ಖರೆ ಅನ್ನಿಸಿತು. ಕೊನೆಗೆ ದಾರಿ ತೋರಿಸಿದ್ದು ಅದೇ ಓಣಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದ ಖಾಲಿ ಸಿಮೆಂಟಿನ ಚೀಲಗಳು. ಅವನ್ನು ಚೆನ್ನಾಗಿ ಒಗೆದು, ಹೊಲದ ಮಣ್ಣು, ಗೊಬ್ಬರ ತುಂಬಿಸಿ, ಮೆಂತ್ಯ, ಪಾಲಕ ಬೆಳೆದೆವು. ಸೊಂಟದ ಮೇಲೆ ಕೈಯಿಟ್ಟವಳೇ ಮೊದಲ ಚೀಲ ತುಂಬಿದಳು.

ಇವೆಲ್ಲ ಸಣ್ಣ ಮಾತು. ನನ್ನ ನೌಕರಿಯಲ್ಲಿ ಒಂದೇ ಒಂದು ಕೂಸಿನ ವಿಷಯ ನಿದ್ದೆ ಕೆಡಿಸಿತ್ತು. ನೀವು ಈ ಕೆಲಸಕ್ಕೆ ಬರುವವರಾದರೆ ಅದನ್ನು ಪೂರ್ತಿ ಕೇಳಬೇಕು.

ಕುರಕುಂಟಾದಿಂದ ಸ್ವಲ್ಪ ಒಳಗೆ ಒಂದು ಹಳ್ಳಿ. ಹೆಸರು ಬರೆದರೆ ಅಲ್ಲಿಯವರು ನನ್ನನ್ನು ಸುಮ್ಮನೆ ಬಿಡಲಿಕ್ಕಿಲ್ಲ. ಅಲ್ಲಿ ನನ್ನ ಮೊದಲ ಸಭೆ ಮುಗಿದು ಎಲ್ಲರೂ ಎದ್ದು ಹೋದರೂ ಒಬ್ಬ ಸೊಸೆ ಮಾತ್ರ ನಿಂತೇ ಇದ್ದಳು. ಹೆಸರು ಮಹಾದೇವಿ. ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಪಡಸಾಲೆಯ ಗೋಡೆ ತೋರಿಸಿದಳು. ಸುಣ್ಣ ಬಳಿದ ಗೋಡೆ. ಕೆಳಭಾಗದಲ್ಲಿ ಮಾತ್ರ ಒಂದು ಕಡೆ ಸುಣ್ಣ ಹೋಗಿ ಮಣ್ಣು ಕಾಣುತ್ತಿತ್ತು, ಮಣ್ಣಿನಲ್ಲೂ ಗುಳಿ ಬಿದ್ದಿತ್ತು. ಇಲಿ ಕೆರೆದಿರಬೇಕು ಎಂದೆ.

"ಇಲಿ ಅಲ್ರಿ ಮೇಡಂ, ನನ್ನ ಮಗಳು," ಎಂದಳು.

ಮಗಳು ಅಲ್ಲೇ ಗೋಡೆಗೆ ಒರಗಿ ಕೂತಿತ್ತು. ಲಚ್ಚಿ ಎಂದು ಕರೆಯುತ್ತಿದ್ದರು. ಮೂರು ತುಂಬಿದ ಕೂಸು, ಕೂರಿಸಿದಲ್ಲೇ ಕೂರುತ್ತಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಕೆಂಪೇ ಇರಲಿಲ್ಲ. ಮೈಯಲ್ಲಿ ರಕ್ತ ಕಡಿಮೆಯಾದ ಮಕ್ಕಳು ಹೀಗೆ ಮಣ್ಣು, ಸುಣ್ಣ ತಿನ್ನುವುದುಂಟು. ಸೇಡಂನ ಡಾಕ್ಟರು ಅದನ್ನೇ ಹೇಳಿ ಔಷಧ ಕೊಟ್ಟಿದ್ದರು. ಔಷಧವೊಂದೇ ಸಾಲದು, ದಿನಾ ತಪ್ಪಲ, ಬೇಳೆ, ಕಾಳು ಹೊಟ್ಟೆಗೆ ಬೀಳಬೇಕು ಎಂದೂ ಹೇಳಿದ್ದರು. ಇವರು ಲಿಂಗಾಯತರು, ನಮ್ಮಂತೆಯೇ. ಅಂಗನವಾಡಿಯ ಮೊಟ್ಟೆ ಮನೆಯೊಳಗೆ ಬರುವ ಮಾತೇ ಇಲ್ಲ. ಹಾಗಾಗಿ ಇರುವ ದಾರಿ ತಪ್ಪಲ ಮತ್ತು ಕಾಳಿನದೇ. ಆದರೆ ಕೂಸು ಬೆಳಿಗ್ಗೆ ಚಹಾದಲ್ಲಿ ರೊಟ್ಟಿ, ಮಧ್ಯಾಹ್ನ ಚಹಾದಲ್ಲಿ ಟೋಸ್ಟು, ರಾತ್ರಿ ತಿಳಿಸಾರು ಅನ್ನ ತಿನ್ನುತ್ತಿತ್ತು. ಚಹಾ ತಪ್ಪಲಿನ ಸತ್ವ ಮೈಗೆ ಹತ್ತಲು ಬಿಡುವುದಿಲ್ಲ ಎಂಬುದು ಆ ಮನೆಗೆ ಗೊತ್ತಿರಲಿಲ್ಲ.

ಮಹಾದೇವಿ ನನ್ನಿಂದ ಕೇಳಿದ್ದು ದೊಡ್ಡದೇನಲ್ಲ. "ಓಣ್ಯಾಗಿನ ಮಕ್ಕಳೆಲ್ಲ ಓಡ್ತಾವ್ರಿ. ನನ್ನ ಕೂಸು ಓಡಿದ್ದು ನಾ ಒಮ್ಮಿನೂ ನೋಡಿಲ್ಲ," ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ನಾಲ್ಕು ಸಮಾಧಾನದ ಮಾತು ಹೇಳಿ ಬಸ್ಸು ಹಿಡಿಯುತ್ತಿದ್ದೆ.

ಅಡ್ಡ ನಿಂತವಳು ಅತ್ತೆ ಶರಣಮ್ಮ. ಅವಳನ್ನು ಕೆಟ್ಟವಳೆಂದು ತಿಳಿಯಬೇಡಿ. ಲಚ್ಚಿಗಿಂತ ಮೊದಲು ಆ ಮನೆಯಲ್ಲಿ ಒಂದು ಗಂಡು ಕೂಸು ಬೇನೆ ಬಿದ್ದು ಕೈಬಿಟ್ಟು ಹೋಗಿತ್ತು. ಅಂದಿನಿಂದ ಶರಣಮ್ಮ ಮೊಮ್ಮಗಳ ಬಾಯಿಗೆ ಹೋಗುವ ಪ್ರತಿಯೊಂದು ತುತ್ತನ್ನೂ ಕಾಯುತ್ತಿದ್ದಳು. ಚಹಾ ಕುದಿಸಿದ್ದು, ಟೋಸ್ಟು ಸುಟ್ಟದ್ದು, ಅವುಗಳಿಂದ ಏನೂ ಆಗುವುದಿಲ್ಲ ಎಂಬುದು ಅವಳ ಲೆಕ್ಕ. ಹಿಂದೆ ತೊಗರಿಯ ನಡುವೆ ಪುಂಡಿಯೆಂಬ ಹುಳಿ ತಪ್ಪಲ, ಹೆಸರು, ಅಲಸಂದಿ ಸಾಲು ಹಿಡಿದು ಬಿತ್ತುತ್ತಿದ್ದವಳು ಅವಳೇ. ಕಳೆಗೆ ಎಣ್ಣೆ, ಅಂದರೆ ಕಳೆನಾಶಕ, ಹೊಡೆಯುವುದು ಶುರುವಾದ ಮೇಲೆ ತೊಗರಿಯೊಂದೇ ಉಳಿಯಿತು. ಎಣ್ಣೆ ಬಿದ್ದ ಹುಲ್ಲು ತಿಂದು ಅವಳ ಒಂದು ಎಮ್ಮೆ ಬಾಯಲ್ಲಿ ನೊರೆ ತಂದು ಮಲಗಿದ್ದನ್ನು ಅವಳು ಮರೆತಿರಲಿಲ್ಲ. ಹಾಗಾಗಿ ಹೊಲದ ತಪ್ಪಲ ಎಂದರೆ ಅವಳಿಗೆ ಹೆದರಿಕೆ.

ಹೊಲ ಬೇಡ, ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಪಾತಿ ಮಾಡೋಣ ಎಂದೆ. ಬೀಜದ ಪೊಟ್ಟಣ ಬಿಚ್ಚಿದೆ. ಅಲ್ಲೇ ಇನ್ನೊಂದು ತೊಂದರೆ. ನಮ್ಮ ಕೇಂದ್ರದ ಬೀಜಕ್ಕೆ ಹುಳ ಹತ್ತದಂತೆ ಔಷಧ ಲೇಪಿಸಿ, ಗುರುತಿಗೆ ಗುಲಾಬಿ ಬಣ್ಣ ಹಚ್ಚಿರುತ್ತಿದ್ದರು. ಪೊಟ್ಟಣದ ಮೇಲೆ ವಿಷದ ಗುರುತು ಬೇರೆ. ಶರಣಮ್ಮ ಬೀಜವನ್ನು ಅಂಗೈಯಲ್ಲಿ ಉಜ್ಜಿ, ಗುಲಾಬಿಯಾದ ಕೈಯನ್ನು ನನ್ನ ಮುಖದ ಮುಂದೆ ಹಿಡಿದಳು. ಬಣ್ಣ ಬೀಜಕ್ಕಷ್ಟೇ, ಗಿಡ ಎದ್ದು ಎಲೆ ಬಿಡುವಷ್ಟರಲ್ಲಿ ಅದು ಇರುವುದಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಬೀಜ ಹಾಕಲು ಕಡೆಗೆ ಒಪ್ಪಿದಳು, ಒಂದು ಮಾತಿನ ಮೇಲೆ.

"ನೀ ತಿಂದು ತೋರಸೂದು ಬ್ಯಾಡವ್ವ, ನೀ ನೌಕರಿ ಸಲುವಾಗಿ ತಿಂತಿ. ನಿಮ್ಮ ದೊಡ್ಡ ಸಾಹೇಬ್ರು ಬಂದು ಮೊದಲ ತುತ್ತು ತಿನ್ಲಿ. ಆಮ್ಯಾಲ ನನ್ನ ಮೊಮ್ಮಗಳಿಗಿ ಕೊಡ್ತೀನಿ."

ಅಯ್ಯೋ, ಅದಕ್ಕೇನು, ನಮ್ಮ ಸಾಹೇಬರು ಗಡಿಗೆಯನ್ನೇ ಖಾಲಿ ಮಾಡುತ್ತಾರೆ ಎಂದು ನಕ್ಕು ಬಂದೆ. ನನ್ನ ಬೀಜ ತೆಗೆದುಕೊಂಡು ಪಾತಿ ಮಾಡಿದ ಊರಿನ ಉಳಿದ ಹೆಂಗಸರೂ ಶರಣಮ್ಮನ ಮಾತನ್ನೇ ಹಿಡಿದುಕೊಂಡರು. ಅಲ್ಲಿ ಹೊಸದಾಗಿ ಕೈಗೆ ಬಂದದ್ದನ್ನು ಮನೆಗೆ ಬಂದ ದೊಡ್ಡವರಿಗೆ ಮೊದಲು ಕೊಟ್ಟು, ಅವರು ಉಂಡ ಮೇಲೆ ಮನೆಯವರು ಉಣ್ಣುವ ರೂಢಿ. ಆ ರೂಢಿಯಲ್ಲಿ ನನಗೇನೂ ಅಪಾಯ ಕಾಣಲಿಲ್ಲ.

ನಮ್ಮ ಸಾಹೇಬರ ಬಗ್ಗೆ ಹೇಳಬೇಕು. ಪ್ರಹ್ಲಾದ ಸಾಹೇಬರು ಎಂದು ಕರೆಯುತ್ತಿದ್ದೆವು. ವೈಷ್ಣವರ ಮನೆತನ, ತಂದೆ ಸಂಸ್ಕೃತದ ಮೇಷ್ಟ್ರು. ಮನುಷ್ಯ ಬಂಗಾರ, ಕೆಲಸದಲ್ಲಿ ಸುಳ್ಳಿಲ್ಲ, ಬಾಯಲ್ಲಿ ಬೈಗುಳವಿಲ್ಲ. ಆದರೆ ತನ್ನ ಬಗ್ಗೆ ಒಂದು ಮಾತು ಹೊರಗೆ ಬಿಡದ ಸ್ವಭಾವ. ತೋಟದ ತಪ್ಪಲ ಕೊಯ್ಲಿಗೆ ಬಂದಾಗ ಅವರನ್ನು ಕರೆದೆ. ಆಷಾಢ ನಡೆದಿತ್ತು, ಮಳೆ ಹದವಾಗಿತ್ತು. ಹಣಮಂತ ದೇವರ ಗುಡಿಯ ಮುಂದೆ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಪುಂಡಿಪಲ್ಯ ಮಾಡಿದರು. ಸಾಹೇಬರು ತಪ್ಪಲಿನ ಗುಣಗಳ ಬಗ್ಗೆ ಎಷ್ಟು ಚಂದ ಮಾತಾಡಿದರೆಂದರೆ ಗಂಡಸರೂ ಬಂದು ನಿಂತು ಕೇಳಿದರು. ಮಾತು ಮುಗಿದ ಮೇಲೆ ಶರಣಮ್ಮ ತಾನೇ ತಾಟಿನಲ್ಲಿ ರೊಟ್ಟಿ, ಪಲ್ಯ ಹಾಕಿ ತಂದು ಮುಂದಿಟ್ಟಳು.

ಸಾಹೇಬರು ಎರಡೂ ಕೈ ಮುಗಿದು, "ತಾಯಿ, ಈಗ ನಮಗ ಇದು ನಡೆಯೂದಿಲ್ಲ," ಎಂದು ತಾಟು ಹಿಂದಕ್ಕೆ ಸರಿಸಿದರು. ಒಂದು ಲೋಟ ಹಾಲು ಕುಡಿದು ಜೀಪು ಹತ್ತಿದರು.

ನಾನು ಆ ಹೊತ್ತಿಗೆ ಗುಡಿಯ ಹಿಂದೆ ಉಳಿದ ಬೀಜ ಹಂಚುತ್ತಿದ್ದೆ. ಇದಾವುದೂ ನನಗೆ ಗೊತ್ತಾಗಲಿಲ್ಲ. ಅದೇ ಜೀಪಿನಲ್ಲಿ ಹಾಡು ಗುನುಗುತ್ತಾ ಸೇಡಂಗೆ ಬಂದೆ.

ವಾರ ಬಿಟ್ಟು ಹೋದರೆ ಊರಲ್ಲಿ ಒಂದು ಪಾತಿ ಉಳಿದಿರಲಿಲ್ಲ. ಹೋದ ಮನೆಯಲ್ಲೆಲ್ಲ ಹೆಂಗಸರು ಒಳಗೆ ಕೆಲಸವಿದೆ ಎಂದು ಬಾಗಿಲು ಮುಂದೆ ಮಾಡಿಕೊಂಡರು. ಶರಣಮ್ಮನ ಹಿತ್ತಲಲ್ಲಿ ಮಣ್ಣು ಬರಿದಾಗಿತ್ತು. ಕಿತ್ತ ಪುಂಡಿ ತಿಪ್ಪೆಯ ಮೇಲೆ ಬಾಡಿ ಬಿದ್ದಿತ್ತು. ಎಮ್ಮೆಗಾದರೂ ಹಾಕಬಾರದಿತ್ತೇ ಎಂದು ಕೇಳಿದೆ.

"ಸಾಹೇಬ್ರ ತಿನ್ನದ್ದು ನನ್ನ ಎಮ್ಮಿಗಿ ಯಾಕ ಹಾಕ್ಲಿ?" ಎಂದಳು. "ನಡೆಯೂದಿಲ್ಲಂತ ಅವರ ಬಾಯಿಲೇ ಅಂದಾರ. ಆ ಬಣ್ಣದ ಬೀಜದಾಗ ಏನದಂತ ಅವರಿಗಿ ಮಾಲೂಮ ಇರ್ತದ."

ಲಚ್ಚಿ ಗೋಡೆಯ ಹತ್ತಿರ ಕೂತಿತ್ತು. ಬೆರಳ ತುದಿಯಲ್ಲಿ ಸುಣ್ಣ. ಮಹಾದೇವಿ ನನ್ನ ಕಡೆ ನೋಡಲೇ ಇಲ್ಲ. ಅಂದು ಬಸ್ಸಿನಲ್ಲಿ ಕೂತಾಗ ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಕಂಡಕ್ಟರ್ ಟಿಕೆಟ್ ಕೇಳಿದ್ದಕ್ಕೂ ಅವನ ಮೇಲೆ ಹರಿಹಾಯ್ದೆ. ಪಾಪ, ಅವನದೇನು ತಪ್ಪು!

ಕೇಂದ್ರಕ್ಕೆ ಬಂದವಳೇ ಸಾಹೇಬರ ಕೋಣೆಗೆ ನುಗ್ಗಿ ಎಲ್ಲ ಹೇಳಿದೆ. ಅವರ ಮುಖ ಬಿಳಿಚಿತು. ಆಮೇಲೆ ಕಾರಣ ಹೇಳಿದರು. ಚಾತುರ್ಮಾಸ ಹಿಡಿದಿತ್ತು. ಅವರ ಮನೆತನದಲ್ಲಿ ಆ ನಾಲ್ಕು ತಿಂಗಳು ತಿಂಗಳಿಗೊಂದು ಬಗೆಯ ಆಹಾರ ಬಿಡುತ್ತಾರೆ. ಮೊದಲ ತಿಂಗಳು ಶಾಕವ್ರತ, ಸೊಪ್ಪು ತರಕಾರಿ ಏನೂ ಮುಟ್ಟುವಂತಿಲ್ಲ. ನಾನು ಲಿಂಗಾಯತರ ಮನೆಯವಳು, ನನಗೆ ಅದರ ನೆನಪೇ ಬಂದಿರಲಿಲ್ಲ. ಶರಣಮ್ಮನ ಷರತ್ತನ್ನು ನಾನು ಅವರಿಗೆ ಹೇಳಿರಲೂ ಇಲ್ಲ. ಅವರು ಮನೆಯ ವ್ರತದ ಮಾತನ್ನು ಸರ್ಕಾರಿ ಕೆಲಸದಲ್ಲಿ ಏಕೆ ತರಬೇಕೆಂದು ಎರಡೇ ಮಾತಿನಲ್ಲಿ ಮುಗಿಸಿದ್ದರು. ತಪ್ಪಲ ತಿನ್ನಿರೆಂದು ಊರಿಗೆಲ್ಲ ಹೇಳುವ ಮನುಷ್ಯ ತಪ್ಪಲ ಬಿಟ್ಟ ತಿಂಗಳಲ್ಲೇ ನಾನು ಅವರನ್ನು ತಪ್ಪಲ ತಿನ್ನಲು ಕರೆದೊಯ್ದಿದ್ದೆ.

ಒಂದೇ ಒಂದು ತುತ್ತು ತಿಂದುಬಿಡಿ ಸರ್, ಒಂದು ಕೂಸಿನ ಜೀವದ ಪ್ರಶ್ನೆ ಎಂದೆ. ದನಿ ಏರಿತ್ತು, ಹೊರಗೆ ಗುಮಾಸ್ತರು ಕಿವಿ ನಿಮಿರಿಸಿದ್ದು ಕಾಣುತ್ತಿತ್ತು.

"ಸುಶೀಲಾಬಾಯಿ, ಹುಟ್ಟಿದ ಲಾಗಾಯ್ತು ಇದನ್ನ ಮುರಿದಿಲ್ಲ. ಮುರೀತೀನಿ ಅಂತ ನಿಮಗ ಸುಳ್ಳು ಹೇಳೂದಿಲ್ಲ," ಎಂದರು. "ಆದ್ರ ಆ ಮುದುಕಿ ಮುಂದ ಕೂತು ಖರೆ ಏನದ ಅದನ್ನ ಹೇಳ್ತೀನಿ. ಈಗೇ ನಡೀರಿ."

ನನಗೆ ನಂಬಿಕೆಯಿರಲಿಲ್ಲ. ಹೋದೆವು. ಊರಿನ ಹಾದಿಯ ಎರೆ ಮಣ್ಣು ಮಳೆಗೆ ಹಿಟ್ಟಾಗಿ ಜೀಪಿನ ಗಾಲಿ ಹೂತುಹೋಯಿತು. ಸಾಹೇಬರು ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಿಸಿ, ಹೆಜ್ಜೆಹೆಜ್ಜೆಗೂ ಕಾಲಿಗೆ ಹತ್ತುತ್ತಿದ್ದ ಕೆಸರು ಕಿತ್ತುಕೊಳ್ಳುತ್ತ ನಡೆದರು. ಆ ಅವತಾರದಲ್ಲೇ ಶರಣಮ್ಮನ ಕಟ್ಟೆಯ ಮೇಲೆ ಕೂತು, ಬೀಜದಲ್ಲಿ ದೋಷವಿಲ್ಲ, ಬಾಯಿ ಕಟ್ಟಿದ್ದು ನನ್ನ ವ್ರತ ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ನೆರೆಹೊರೆಯ ಹೆಂಗಸರು ಸೇರಿದರು. ಶರಣಮ್ಮ ಪೂರ್ತಿ ಕೇಳಿದಳು. ಶ್ರಾವಣ ಸೋಮವಾರ ನಾವೂ ಒಪ್ಪೊತ್ತು ಮಾಡುತ್ತೇವೆ, ಆದರೆ ತಪ್ಪಲ ತಿಂದರೆ ಮುನಿಸಿಕೊಳ್ಳುವ ದೇವರನ್ನು ನಾನು ಕೇಳಿಲ್ಲ ಎಂದಳು. ಸಾಹೇಬರು ತಲೆ ತಗ್ಗಿಸಿ ನಕ್ಕರು.

ಆಮೇಲೆ ಅವಳು ಒಳಗೆ ಹೋಗಿ ಮಣ್ಣಿನ ಮಡಕೆಯೊಂದನ್ನು ತಂದಳು. ಬೂದಿಯಲ್ಲಿ ಕಲೆಸಿಟ್ಟ ಪುಂಡಿ ಬೀಜ, ಅವಳು ಹೊಲದಲ್ಲಿ ಬಿತ್ತುತ್ತಿದ್ದ ಕಾಲದಿಂದ ಪ್ರತಿ ವರ್ಷ ಬೇಲಿಯ ಪಕ್ಕ ಎರಡು ಗಿಡ ಬೆಳೆಸಿ ಉಳಿಸಿಕೊಂಡು ಬಂದದ್ದು.

"ನಿಮ್ಮ ಬಣ್ಣದ ಬೀಜ ಬ್ಯಾಡ, ಇದು ನಂದು. ನೀವೇ ಬಿತ್ರಿ. ನಿಮ್ಮ ವ್ರತ ಮುಗೀಲಿ, ತಪ್ಪಲನೂ ಬರ್ತದ. ನೀವು ಉಂಡ ದಿನ ನನ್ನ ಕೂಸು ಉಣ್ತದ," ಎಂದಳು.

ಸಾಹೇಬರು ಕೆಸರುಗಾಲಲ್ಲೇ ಹಿತ್ತಲಿಗೆ ನಡೆದು ನಾಲ್ಕೂ ಪಾತಿಗೆ ಬೀಜ ಹಾಕಿದರು.

ಆ ಒಂದು ತಿಂಗಳು ನನಗೆ ಹಿಡಿದ ಹುಚ್ಚು ಹೇಳಲಾರೆ. ಚಿಂಚೋಳಿ ಕಡೆ ತರಬೇತಿಗೆ ಹೋದರೂ ಮನಸ್ಸು ಇಲ್ಲೇ. ಅಲ್ಲಿ ತೆಲುಗು ಮಾತಾಡುವ ಸೊಸೆಯಂದಿರು ಪುಂಡಿಯನ್ನು ಗೋಂಗೂರ ಎನ್ನುತ್ತ ಅದರಲ್ಲಿ ಹತ್ತು ಬಗೆ ಅಡುಗೆ ಮಾಡುವುದನ್ನು ನೋಡಿದರೆ ಹೊಟ್ಟೆಯುರಿ. ಮಧ್ಯೆ ಒಂದು ದಿನ ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಮಹಾದೇವಿ ಕಂಡಳು, ಲಚ್ಚಿ ಅವಳ ಹೆಗಲ ಮೇಲೆ ಜೋತುಬಿದ್ದಿತ್ತು. ಜ್ವರ. ನಾನೂ ಡಾಕ್ಟರ ಹತ್ತಿರ ಹೋದೆ. ಜ್ವರ ಮಳೆಗಾಲದ್ದು, ಇಳಿಯುತ್ತದೆ. ರಕ್ತದ ಔಷಧ ತಪ್ಪಿಸಬೇಡಿ, ಚಹಾ ಬಿಡಿಸಿ ಎಂದು ಅವರು ಒತ್ತಿ ಹೇಳಿದರು. ಮಹಾದೇವಿ ಆ ದಿನದಿಂದ ಕೂಸಿಗೆ ಚಹಾ ಕೊಡಲಿಲ್ಲ. ಅತ್ತೆ ಕೇಳಿದ್ದಕ್ಕೆ ಡಾಕ್ಟರ ಮೇಲೆ ಹಾಕಿದಳು. ಜ್ವರವೇನೋ ಇಳಿಯಿತು. ಆದರೆ ನನಗೆ ಭಯ ಇಳಿಯಲಿಲ್ಲ. ತಪ್ಪಲಿಗೆ ಹುಳ ಬಿದ್ದರೆ? ಸಾಹೇಬರಿಗೆ ವರ್ಗವಾದರೆ? ಶರಣಮ್ಮನ ಮನಸ್ಸು ತಿರುಗಿದರೆ?

ಶ್ರಾವಣದಲ್ಲಿ ಶಾಕವ್ರತ ಮುಗಿಯಿತು. ಕೆಲವು ದಿನ ಬಿಟ್ಟು ಪುಂಡಿ ಕೈಗೆ ಬಂತು. ಸಾಹೇಬರು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದೆ. ಈ ಸಲ ಯಾವುದನ್ನೂ ಬಾಕಿ ಬಿಟ್ಟಿರಲಿಲ್ಲ. ಹೊರಗೆ ಉಣ್ಣುವುದರಲ್ಲಿ ಅವರು ಬಿಗಿ ಮನುಷ್ಯರಲ್ಲ, ನಮ್ಮವ್ವನ ಕಿವಿಗೆ ಬೀಳದಿದ್ದರೆ ಸಾಕು ಎನ್ನುತ್ತಿದ್ದರು. ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಬಾಗಿಲಲ್ಲಿ, ಕಿಟಕಿಯಲ್ಲಿ ಊರಿನ ಹೆಂಗಸರು. ಮಹಾದೇವಿ ಬಿಸಿ ಜೋಳದ ರೊಟ್ಟಿ, ಕಡಲೆಬೇಳೆ ಹಾಕಿದ ಪುಂಡಿಪಲ್ಯ, ಚಟ್ನಿಗೆ ಶೇಂಗಾ ಹಿಂಡಿ ಬಡಿಸಿದಳು. ಕೊನೆಗೆ ಶರಣಮ್ಮ ಪ್ರೀತಿಯಿಂದ ಒಂದು ಬಟ್ಟಲು ಗಟ್ಟಿ ಮೊಸರು ತಂದು ತಾಟಿನ ಪಕ್ಕದಲ್ಲಿಟ್ಟಳು.

ಸಾಹೇಬರು ಮೊಸರಿನ ಬಟ್ಟಲನ್ನು ಮೆಲ್ಲಗೆ ಅತ್ತ ಸರಿಸಿದರು.

ಕಿಟಕಿಯಲ್ಲಿ ಪಿಸುಪಿಸು ಶುರುವಾಯಿತು. ಶರಣಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಈಗ ಮೊಸರಿಗಿ ಏನಾತ್ರಿ?" ಎಂದಳು.

ಈ ಸಲ ಸಾಹೇಬರು ಎರಡು ಮಾತಿನಲ್ಲಿ ಮುಗಿಸಲಿಲ್ಲ. ತಪ್ಪಲಿನ ತಿಂಗಳು ಮುಗಿದು ಮೊಸರು ಬಿಡುವ ತಿಂಗಳು ಹಿಡಿದಿದೆ, ಇದಾದ ಮೇಲೆ ಹಾಲಿನದು, ಕೊನೆಗೆ ಬೇಳೆಕಾಳಿನದು ಎಂದು ಬೆರಳು ಮಡಚಿ ವಿವರಿಸಿದರು. ವಿವರಿಸುತ್ತಲೇ ರೊಟ್ಟಿ ಮುರಿದು ಪುಂಡಿಪಲ್ಯ ತುಂಬಿಕೊಂಡು ಬಾಯಿಗೆ ಹಾಕಿಕೊಂಡರು. ಆ ತುತ್ತು ಗಂಟಲಲ್ಲಿ ಇಳಿಯುವವರೆಗೂ ಯಾರೂ ಉಸಿರಾಡಲಿಲ್ಲ. ಎರಡನೆಯ ತುತ್ತು ತಾವಾಗಿಯೇ ಹಿಡಿದರು. ಒಂದು ರೊಟ್ಟಿ ಮುಗಿಸಿ, ಮತ್ತೊಂದು ಕೇಳಿ, ಪಲ್ಯವನ್ನೂ ಕೇಳಿ ಹಾಕಿಸಿಕೊಂಡರು. ತಿಂಗಳು ತಪ್ಪಲ ಬಿಟ್ಟ ಬಾಯಿ ಅದು, ನಾಟಕವೇ ಬೇಕಾಗಿರಲಿಲ್ಲ.

ಶರಣಮ್ಮ ಬಹಳ ಹೊತ್ತು ಅವರು ಉಣ್ಣುವುದನ್ನೇ ನೋಡಿದಳು. "ನಾಕ್ ತಿಂಗಳು ನಿಮಗ ಅಡಗಿ ಮಾಡೂದಂದ್ರ ನಿಮ್ಮ ಹೇಣ್ತಿ ಹೈರಾಣ ಆಗಿರಬೇಕು, ಪಾಪ," ಎಂದಳು. ಕಿಟಕಿ, ಬಾಗಿಲು, ಪಡಸಾಲೆ ಎಲ್ಲ ನಕ್ಕಿತು. ಆ ನಗುವಿನಲ್ಲೇ ಅವಳು ಗೋಡೆಯ ಹತ್ತಿರ ಹೋಗಿ ಲಚ್ಚಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅದೇ ಪಾತ್ರೆಯ ಪಲ್ಯವನ್ನು ರೊಟ್ಟಿಯ ಜೊತೆ ನುರಿದು ಬಾಯಿಗಿಟ್ಟಳು. ಹುಳಿ ಹತ್ತಿ ಕೂಸು ಕಣ್ಣು ಮುಚ್ಚಿ ಮುಖ ಕಿವುಚಿತು. ಮರುಗಳಿಗೆ ಮತ್ತೆ ಬಾಯಿ ತೆರೆಯಿತು. ಮಹಾದೇವಿ ಒಳಗೆ ಹೋದಳು. ಈ ಸಲ ಅವಳು ಅತ್ತಳು, ನನಗೆ ಕೇಳಿಸಿತು. ನಾನೂ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಸಂಜೆಯೊಳಗೆ ಅರ್ಧ ಊರು ಶರಣಮ್ಮನ ಬಾಗಿಲಿಗೆ ಬೂದಿಬೀಜ ಕೇಳಲು ಬಂದಿತ್ತು.

ಒಂದು ದಿನದ ಪಲ್ಯದಿಂದ ಯಾವ ಕೂಸೂ ಎದ್ದು ಕುಣಿಯುವುದಿಲ್ಲ. ಔಷಧ ನಡೆದಿತ್ತು, ಚಹಾ ನಿಂತಿತ್ತು, ತಪ್ಪಲ ಮತ್ತು ಗಟ್ಟಿ ಬೇಳೆ ದಿನಾ ತಟ್ಟೆಗೆ ಬರುತ್ತಿದ್ದವು. ನಾನು ಹೋದಾಗಲೆಲ್ಲ ಕೂಸಿಗಿಂತ ಮೊದಲು ಗೋಡೆ ನೋಡುತ್ತಿದ್ದೆ. ದೀಪಾವಳಿಗೆ ಆ ಗುಳಿ ಇದ್ದಷ್ಟೇ ಇತ್ತು, ದೊಡ್ಡದಾಗಿರಲಿಲ್ಲ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮಹಾದೇವಿ ಅದನ್ನು ಮಣ್ಣು ಮೆತ್ತಿ ಮುಚ್ಚಿ ಸುಣ್ಣ ಬಳಿದಿದ್ದಳು.

ಅಂದು ಹೊಲಕ್ಕೆ ಕರೆದಿದ್ದರು. ನಮ್ಮ ಕಡೆ ಆ ದಿನ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ನೈವೇದ್ಯವನ್ನು ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಉಣ್ಣುತ್ತೇವೆ. ಹೊಲದಲ್ಲಿ ಸಿಗುವ ಎಲ್ಲ ಕಾಳು, ಎಲ್ಲ ತಪ್ಪಲ ಕೂಡಿಸಿ ಮಾಡುವ ಭಜ್ಜಿ ಅಂದಿನ ಮುಖ್ಯ ಅಡುಗೆ. ಕೆಲವು ವರ್ಷಗಳಿಂದ ಶರಣಮ್ಮ ಭಜ್ಜಿಯ ತಪ್ಪಲನ್ನು ಪೇಟೆಯಿಂದ ತರಿಸುತ್ತಿದ್ದಳು. ಮುಂದಿನ ಮುಂಗಾರಿಗೆ ತೊಗರಿಯ ನಡುವೆ ಎಣ್ಣೆ ಹೊಡೆಯದ ನಾಲ್ಕು ಸಾಲು ಬಿಡಬೇಕೆಂದು ಮಗನಿಗೆ ಹೇಳಿರುವುದಾಗಿ ದಾರಿಯಲ್ಲಿ ನನಗೆ ತಿಳಿಸಿದಳು. ಕೇಳಿದ ಹಾಗಲ್ಲ, ಆಜ್ಞೆ ಮಾಡಿದ ಹಾಗೆ.

ಹೊಲದ ಬದು ಹತ್ತಿದಾಗ ಮುಂದೆ ಯಾರೋ ಮಕ್ಕಳು ಓಡಿದರು. ಅವರ ಹಿಂದೆ ಲಚ್ಚಿಯೂ ಓಡಿತು. ಸ್ವಲ್ಪ ದೂರ ಓಡಿ, ಮುಗ್ಗರಿಸಿ, ಎದ್ದು ಮತ್ತೆ ಓಡಿತು. ಬುತ್ತಿ ಹೊತ್ತಿದ್ದ ಮಹಾದೇವಿ ನಡುಹಾದಿಯಲ್ಲೇ ನಿಂತುಬಿಟ್ಟಳು. ನಾನೂ ನಿಂತೆ. ಎಷ್ಟೋ ತಿಂಗಳಿಂದ ಹೆಗಲ ಮೇಲೆ ಕೂತಿದ್ದ ಭಾರ ಇಳಿದಂತಾಗಿ ನನಗೆ ಅಲ್ಲೇ ಕೂಡಬೇಕೆನ್ನಿಸಿತು. ಶರಣಮ್ಮ ಮಾತ್ರ ಹಿಂದಿರುಗಿ, ಏನು ಕಂಬದ ಹಾಗೆ ನಿಂತಿರಿ, ಬುತ್ತಿ ಆರುತ್ತದೆ ಎಂದು ಇಬ್ಬರಿಗೂ ಬೈದಳು.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಬೀಜ ಆ ಊರಿನದೇ, ಸಾಧ್ಯವಾದಲ್ಲೆಲ್ಲ ಆ ಊರಿನ ಹಿರಿಯಾಕೆಯ ಮಡಕೆಯಿಂದಲೇ. ಪಾಠ ಹೇಳುವವಳೂ ಅವಳೇ, ನಾವು ಪಕ್ಕದಲ್ಲಿ ನಿಲ್ಲುವವರು. ಸಾಹೇಬರು ತಮ್ಮ ಕೋಣೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಪಂಚಾಂಗ ತೂಗುಹಾಕಿದರು. ಊರಿಗೆ ಹೋಗುವ ದಿನ ಗೊತ್ತು ಮಾಡುವ ಮೊದಲು, ಸುಶೀಲಾಬಾಯಿ, ಈ ತಿಂಗಳು ನಾನು ಏನು ತಿನ್ನುವುದಿಲ್ಲ ಎಂದು ಅವರೇ ಜೋರಾಗಿ ಓದಿ ಹೇಳುತ್ತಿದ್ದರು. ಗುಮಾಸ್ತರು ಮುಸಿಮುಸಿ ನಗುತ್ತಿದ್ದರು.

ಎಲ್ಲ ಕಡೆ ಗೆದ್ದೆವು ಎಂದರೆ ಸುಳ್ಳಾದೀತು. ತೆಂಗಳಿಯಲ್ಲಿ ನಾವು ಮಾಡಿಸಿದ ಎಷ್ಟೋ ಪಾತಿಗಳ ಮೇಲೆ ಈಗ ಮೋಟಾರ್ ಸೈಕಲ್ ನಿಂತಿವೆ. ಶಹಾಬಾದಿನ ಚೀಲಗಳು ಬಿಸಿಲಿಗೆ ಹರಿದುಹೋದವು. ಯೋಜನೆ ಮುಗಿದ ಮರುವರ್ಷ ಹೋಗಿ ನೋಡುವ ಧೈರ್ಯ ನಮ್ಮಲ್ಲಿ ಬಹಳ ಜನಕ್ಕಿರುವುದಿಲ್ಲ. ನಿವೃತ್ತಳಾದ ಮೇಲೆ ನನಗೂ ಅದೇ ಅಳುಕು. ನಾನು ಕಾಲು ತೆಗೆದ ಮೇಲೆ ಶರಣಮ್ಮನ ಹಿತ್ತಲು ಏನಾಗಿರಬಹುದು? ಕೇಳಲು ಫೋನ್ ನಂಬರು ಇತ್ತು, ಮಾಡಲಿಲ್ಲ.

ಹೋದ ಮಳೆಗಾಲದಲ್ಲಿ ಸೇಡಂನಲ್ಲಿ ಒಂದು ಮದುವೆಯಿತ್ತು. ಊಟ ಮುಗಿಸಿ ವಾಡಿಯ ಗಾಡಿ ಹಿಡಿಯಬೇಕಾದವಳು ಕಾಲು ಎಳೆದ ಕಡೆ ಕುರಕುಂಟಾದ ಬಸ್ಸು ಹತ್ತಿದೆ. ಶರಣಮ್ಮನ ಮನೆಯ ಬಾಗಿಲು ಮುಂದಾಗಿತ್ತು. ಮಹಾದೇವಿ, ಅವಳ ಗಂಡ ಹೊಲಕ್ಕೆ ಹೋಗಿದ್ದಾರೆ, ಲಚ್ಚಿ ಸೇಡಂ ಕಾಲೇಜಿಗೆ ಹೋಗಿದ್ದಾಳೆ ಎಂದು ಪಕ್ಕದವರು ಹೇಳಿದರು. ಕಳ್ಳಿಯಂತೆ ಹಿತ್ತಲ ಕಡೆ ತಿರುಗಿದೆ.

"ಯಾರದು, ಪಾತಿ ತುಳಿಯಾಕತ್ತಿ, ಕಣ್ಣು ಕಾಣಂಗಿಲ್ಲೇನು? ಆ ಕಡಿಂದ ಬಾ!"

ಬೇವಿನ ಗಿಡದ ಬುಡದಲ್ಲಿ ಶರಣಮ್ಮ ಕೋಲು ಹಿಡಿದು ಕೂತಿದ್ದಳು. ಕಣ್ಣಿಗೆ ಪೊರೆ ಬಂದು ಅವಳಿಗೇ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಕಾಲ ಬುಡದಲ್ಲಿ ಪುಂಡಿ, ಆಚೆ ಮೆಂತ್ಯ, ಬೇಲಿಯ ಮೇಲೆ ಅಲಸಂದಿ ಬಳ್ಳಿ. ಪಾತಿಗಳು ನಾಲ್ಕಕ್ಕಿಂತ ಹೆಚ್ಚಾಗಿದ್ದವು.

ದನಿ ಬದಲಿಸಿ, ವಾಡಿ ಕಡೆಯವಳು, ಮದುವೆಗೆ ಬಂದಿದ್ದೆ, ತಪ್ಪಲ ನೋಡಿ ನಿಂತೆ ಎಂದೆ. ಅವಳ ಸಿಟ್ಟು ಇಳಿಯಿತು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೇನು ಎಂದು ಕೇಳಿದಳು. ಮೊಮ್ಮಗ ಇದ್ದಾನೆ ಎಂದೆ. ಅಷ್ಟು ಸಾಕಾಯಿತು. ಬಚ್ಚಲ ನೀರು ಹೇಗೆ ಹರಿಬಿಡಬೇಕು, ಪುಂಡಿಯ ಕುಡಿ ಎಲ್ಲಿ ಚಿವುಟಬೇಕು, ಬೇಳೆ ಎಷ್ಟು ಗಟ್ಟಿಯಿರಬೇಕು, ಕೂಸಿಗೆ ಚಹಾ ಏಕೆ ಕುಡಿಸಬಾರದು, ಎಲ್ಲವನ್ನೂ ಕೋಲು ಆಡಿಸುತ್ತ ಹೇಳಿದಳು. ಒಂದು ಮಾತು ಹಿಂದೆಮುಂದೆ ಇಲ್ಲ. ನಾನು ತಲೆಯಾಡಿಸುತ್ತ ಕೇಳಿದೆ. ಆದರೆ ನನ್ನ ಸ್ವಭಾವ ಗೊತ್ತಲ್ಲ, ಕೆಣಕದೆ ಇರಲಾಗಲಿಲ್ಲ. ಇಷ್ಟೆಲ್ಲ ನಿಮಗೆ ಯಾರು ಕಲಿಸಿದರು ಆಯಿ ಎಂದೆ.

"ಯಾರ ಕಲಸ್ಬೇಕವ್ವ?" ಎಂದಳು. "ನಮ್ಮ ಮನ್ಯಾಗ ಮೊದಲಿಂದ ಹಿಂಗೇ ಅದ."

ಅಲ್ಲಾ ಮುದುಕಿ, ತಿಪ್ಪೆಗೆ ಎಸೆದದ್ದು ಯಾರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನುಂಗಿದ್ದೇ ತಡ, ಒಳಗಿನಿಂದ ನಗು ಉಕ್ಕಿತು. ಅವಳು ಒಳಗೆ ಹೋಗಿ ಗೋಡೆ ತಡವುತ್ತ ಮಡಕೆ ಹುಡುಕಿ, ಬೂದಿ ಹತ್ತಿದ ಒಂದು ಹಿಡಿ ಬೀಜ ತಂದು ನನ್ನ ಸೆರಗಿನ ತುದಿಗೆ ಕಟ್ಟಿದಳು. ಬಿತ್ತುವುದು ಮರೆಯಬೇಡ, ಅರ್ಧ ಬೀಜಕ್ಕೆ ಬಿಡು, ಪಕ್ಕದ ಮನೆಯವರಿಗೂ ಕೊಡು ಎಂದು ಬಾಗಿಲವರೆಗೆ ಬಂದು ಹೇಳಿದಳು.

ಹೂಂ ಆಯಿ ಎಂದೆ. ನಾನು ಯಾರೆಂದು ಹೇಳಲಿಲ್ಲ. ವಾಡಿಗೆ ಬಂದು ಮರುದಿನವೇ ಬಿತ್ತಿದೆ.